ಕಿಟಕಿ ಹೋಗಲಿ, ದನಿ ಇರಲಿ

ಆ ಉಪಕರಣವನ್ನು ತೆಗೆಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಕಚೇರಿಯಲ್ಲಿ ಹಬ್ಬಿದ ಸುದ್ದಿಯೇ ಬೇರೆ: ನಾನು ಹಟಕ್ಕೆ ಬಿದ್ದು ಭದ್ರತೆಯ ಕೆಲಸಕ್ಕೆ ಅಡ್ಡ ನಿಂತೆ ಎಂದು. ಅಡ್ಡ ನಿಂತದ್ದು ನಿಜ. ಯಾವುದಕ್ಕೆ ಅಡ್ಡ ನಿಂತೆ ಎನ್ನುವುದು ಮಾತ್ರ ಸುದ್ದಿ ಹಬ್ಬಿಸಿದವರಿಗೆ ಬೇಕಾಗಿರಲಿಲ್ಲ.

೨೦೧೪ರ ಸುಮಾರಿನ ಮಾತು. ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನ ಒಂದು ಕಂಪನಿಯಲ್ಲಿ ನಾನು ಸಿಸ್ಟಂ ಅಡ್ಮಿನ್ ಆಗಿದ್ದೆ. ಕಂಪನಿ ಒಂದು ಸರ್ಕಾರಿ ಇಲಾಖೆಯ ಗುತ್ತಿಗೆ ಹಿಡಿದಿತ್ತು. ಕೆರೊಲಿನಾ ರಾಜ್ಯಗಳ ನದಿಗಳಿಂದ ನೀರಿನ ಮಾದರಿಗಳ ಅಂಕಿ ಅಂಶ ಬರುತ್ತಿತ್ತು. ನಮ್ಮ ವಿಶ್ಲೇಷಕರು ಅದನ್ನು ತಮ್ಮ ಪ್ರೋಗ್ರಾಂಗಳಿಗೆ ಹಾಕಿ, ಯಾವ ನದಿಯಲ್ಲಿ ಯಾವ ವಿಷ ಹೆಚ್ಚುತ್ತಿದೆ, ಎಲ್ಲಿಂದ ಬರುತ್ತಿದೆ ಎಂದು ಲೆಕ್ಕ ಹಾಕಿ ಇಲಾಖೆಗೆ ಕೊಡುತ್ತಿದ್ದರು. ಆ ಪ್ರೋಗ್ರಾಂಗಳು ಓಡುತ್ತಿದ್ದದ್ದು ವಿಂಡೋಸ್‌ನಲ್ಲಲ್ಲ, ಲಿನಕ್ಸ್‌ನಲ್ಲಿ ಮಾತ್ರ. ಹಾಗಾಗಿ ಎಲ್ಲರ ಮೇಜಿನ ಮೇಲೂ ಲಿನಕ್ಸ್ ಡೆಸ್ಕ್‌ಟಾಪ್, ಅವೆಲ್ಲದರ ಯೋಗಕ್ಷೇಮ ನನ್ನದು.

ಆ ಡೆಸ್ಕ್‌ಟಾಪ್‌ಗಳಲ್ಲಿ ‘ಸಾಫ್ಟ್‌ವೇರ್ ಸೆಟ್ಟಿಂಗ್ಸ್’ ಎಂಬ ಪುಟ್ಟ ಕಿಟಕಿಯೊಂದಿತ್ತು. ನಾನು ಹೇಳುತ್ತಿರುವ ಉಪಕರಣ ಅದೇ. ಮೆನುವಿನಿಂದ ತೆರೆದರೆ ಟಿಕ್ ಹಾಕುವ ಚೌಕಗಳ ಸಾಲು. ಹೊಸ ಸಾಫ್ಟ್‌ವೇರ್ ಎಲ್ಲಿಂದ ಬರಬೇಕು, ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಆಗಬೇಕು, ಹೊರಗಿನ ಯಾವ ಉಗ್ರಾಣವನ್ನು ನಂಬಬೇಕು, ಎಲ್ಲವೂ ಅಲ್ಲೇ. ಮನೆಯ ಕಂಪ್ಯೂಟರಿಗೆ ಅದು ಅನುಕೂಲವೇ. ನಮ್ಮಲ್ಲಿ ಒಬ್ಬ ವಿಶ್ಲೇಷಕ ಯಾವುದೋ ವಿಡಿಯೋ ಓಡುತ್ತಿಲ್ಲವೆಂದು ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ವಿಳಾಸವನ್ನು ಆ ಕಿಟಕಿಗೆ ಅಂಟಿಸಿ, ಪಾಸ್‌ವರ್ಡ್ ಕೊಟ್ಟು, ಮುಚ್ಚಿದ. ವಿಡಿಯೋ ಓಡಿತು. ಮುಂದಿನ ಅಪ್‌ಡೇಟ್‌ನಲ್ಲಿ ಅದೇ ವಿಳಾಸದಿಂದ ನಮ್ಮ ಲೆಕ್ಕದ ಪ್ರೋಗ್ರಾಂಗಳು ಬಳಸುವ ಗಣಿತದ ಲೈಬ್ರರಿಯೊಂದೂ ಸದ್ದಿಲ್ಲದೆ ಬದಲಾಗಿ ಬಂತು. ಒಂದೇ ನದಿಯ ಒಂದೇ ಅಂಕಿ ಅಂಶಕ್ಕೆ ಇಬ್ಬರ ಮೆಷಿನ್‌ಗಳು ಎರಡು ಉತ್ತರ ಕೊಡತೊಡಗಿದವು. ಕಾರಣ ಹುಡುಕುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು.

ಇಲಾಖೆಯ ಕಡೆಯ ಭದ್ರತಾ ಅಧಿಕಾರಿಯಿಂದ ಆದೇಶ ಬಂತು: ಆ ಉಪಕರಣ ಯಾವ ಡೆಸ್ಕ್‌ಟಾಪ್‌ನಲ್ಲೂ ಇರಬಾರದು. ಐಕಾನ್ ಮುಚ್ಚಿಟ್ಟರೆ ಸಾಲದು, ಅವರ ತಪಾಸಣೆಯ ಪ್ರೋಗ್ರಾಂ ನೇರವಾಗಿ ಪ್ಯಾಕೇಜಿನ, ಅಂದರೆ ಪ್ರೋಗ್ರಾಂ ಕಟ್ಟಿ ಬರುವ ಗಂಟಿನ, ಹೆಸರನ್ನೇ ಹುಡುಕುತ್ತದೆ. ನಾನು ಮನಸಾರೆ ಒಪ್ಪಿದೆ.

ಲಿನಕ್ಸ್‌ನಲ್ಲಿ ಏನನ್ನಾದರೂ ತೆಗೆಯುವ ಮೊದಲು, ತೆಗೆದರೆ ಏನಾಗುತ್ತದೆ ಎಂದು ಕೇಳಿ ನೋಡುವ ದಾರಿಯಿದೆ. ಕಮಾಂಡ್‌ಗೆ ಒಂದು ಅಕ್ಷರ ಸೇರಿಸಿದರೆ ಮೆಷಿನ್ ಏನನ್ನೂ ಮುಟ್ಟದೆ, ಇದರ ಜೊತೆಗೆ ಇವೂ ಹೋಗುತ್ತವೆ ಎಂದು ಹೆಸರು ಹೇಳುತ್ತದೆ. ನಾನು ಕೇಳಿದೆ. ಅದು ಉಪಕರಣದ ಜೊತೆಗೆ ಇನ್ನೆರಡು ಹೆಸರು ಹೇಳಿತು. ಒಂದು, ಅಪ್‌ಡೇಟ್ ಬಂದಿದೆ ಎಂದು ಮೂಲೆಯಲ್ಲಿ ತೋರಿಸುವ ಪುಟ್ಟ ಪ್ರೋಗ್ರಾಂ. ಅಪ್‌ಡೇಟ್‌ಗಳನ್ನು ನಾನೇ ಒಂದೆಡೆಯಿಂದ ಹಾಕುತ್ತಿದ್ದೆ, ಆದ್ದರಿಂದ ಅದು ಹೋದರೆ ನಷ್ಟವಿಲ್ಲ. ಇನ್ನೊಂದು, ನಮ್ಮ ಕಂಪನಿಯದೇ ಒಂದು ಪ್ಯಾಕೇಜ್. ನನಗಿಂತ ಮೊದಲು ಇದ್ದ ಅಡ್ಮಿನ್ ಅದನ್ನು ಮಾಡಿಟ್ಟು ಹೋಗಿದ್ದರು. ಅದರ ಒಳಗೆ ಏನೂ ಇಲ್ಲ, ಬರೀ ಹೆಸರುಗಳು. ಹೊಸ ಮೆಷಿನ್‌ಗೆ ಅದೊಂದನ್ನು ಹಾಕಿದರೆ ಕಚೇರಿಗೆ ಬೇಕಾದ ಮಿಕ್ಕದ್ದೆಲ್ಲ ಅದರ ಹಿಂದೆಯೇ ಬರುತ್ತಿತ್ತು. ಆ ಹೆಸರುಗಳಲ್ಲಿ ಈ ಉಪಕರಣವೂ ಒಂದು. ತನ್ನವರಲ್ಲಿ ಒಬ್ಬರನ್ನು ತೆಗೆದರೆ ತಾನೂ ಇರುವುದಿಲ್ಲ ಎನ್ನುವುದು ಅಂಥ ಪ್ಯಾಕೇಜಿನ ಸ್ವಭಾವ.

ಒಳಗೆ ಏನೂ ಇಲ್ಲದ್ದು ಹೋದರೆ ಹೋಗಲಿ ಅನ್ನಿಸಿತು. ನನ್ನ ಪರೀಕ್ಷೆಯ ಮೆಷಿನ್‌ನಲ್ಲಿ ತೆಗೆದು ನೋಡಿದೆ. ಎಲ್ಲ ಸರಿಯಾಗಿ ಓಡಿತು. ಮ್ಯಾನೇಜರ್ ಜೊತೆ ಮಾತಾಡಿಕೊಂಡು, ಮೊದಲ ಪ್ರಯೋಗಕ್ಕೆ ನದಿ ವಿಭಾಗದ ಮೆಷಿನ್‌ಗಳನ್ನು ಆರಿಸಿ, ಗುರುವಾರ ಅಲ್ಲಿ ತೆಗೆದುಹಾಕಿದೆ. ಶುಕ್ರವಾರ ಯಾರಿಂದಲೂ ಒಂದು ದೂರಿಲ್ಲ.

ಸೋಮವಾರ ಬೆಳಿಗ್ಗೆ ನಾನು ಕೋಟು ತೆಗೆದು ಕುರ್ಚಿಗೆ ಹಾಕುವ ಮೊದಲೇ ನದಿ ವಿಭಾಗದ ಹಿರಿಯ ವಿಶ್ಲೇಷಕಿ ಬಿಳಿ ಕೋಲು ತಟ್ಟುತ್ತ ನನ್ನ ಮೇಜಿನ ಬಳಿ ಬಂದು ನಿಂತರು. ದಕ್ಷಿಣ ಕೆರೊಲಿನಾದವರು, ಹುಟ್ಟಿನಿಂದ ಕಣ್ಣು ಕಾಣದವರು. ಅವರ ಕಂಪ್ಯೂಟರ್ ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುತ್ತಿತ್ತು. ಸ್ಕ್ರೀನ್ ರೀಡರ್ ಅನ್ನುತ್ತಾರೆ. ಓದಿದ್ದನ್ನು ಬೆರಳಿಗೆ ಸಿಗುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಪಟ್ಟಿಯೂ ಕೀಬೋರ್ಡಿನ ಮುಂದೆ ಇತ್ತು. ಒಮ್ಮೆ ಅವರ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದೆ. ಹೊಲಿಗೆ ಮೆಷಿನ್ ಓಡಿದ ಹಾಗಿತ್ತು, ಒಂದು ಪದವೂ ತಿಳಿಯಲಿಲ್ಲ. ಆ ವೇಗದಲ್ಲೇ ಅವರು ದಿನವಿಡೀ ಅಂಕಿಗಳನ್ನು ಕೇಳುತ್ತಿದ್ದರು.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನನ್ನ ಮೆಷಿನ್‌ಗೆ ಮಾತು ನಿಂತಿದೆ,” ಎಂದರು. “ಪಾಸ್‌ವರ್ಡ್ ಹಾಕಿದೆ. ಒಳಗೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಪಟ್ಟಿಯ ಮೇಲೂ ಏನೂ ಬರುತ್ತಿಲ್ಲ. ನೀನೇನಾದರೂ ಮಾಡಿದೆಯಾ?”

“ಗುರುವಾರ ಒಂದು ಚಿಕ್ಕ ಉಪಕರಣ ತೆಗೆದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.”

“ಇರಬಹುದು, ಹೋಗಿ ನೋಡು.”

ಸಂಬಂಧವಿತ್ತು. ಪ್ರತಿ ಭಾನುವಾರ ಎಲ್ಲ ಮೆಷಿನ್‌ಗಳಲ್ಲೂ ಕಸ ಗುಡಿಸುವ ಕೆಲಸವೊಂದು ತಾನಾಗಿ ನಡೆಯುತ್ತಿತ್ತು. ಯಾರೂ ನೇರವಾಗಿ ಕೇಳದ, ಇನ್ಯಾವುದರದೋ ಜೊತೆಗೆ ಬಂದು ಈಗ ಹೇಳುವವರು ಕೇಳುವವರು ಇಲ್ಲದ ಪ್ಯಾಕೇಜ್‌ಗಳನ್ನು ಅದು ತೆಗೆದುಬಿಡುತ್ತಿತ್ತು. ನಮ್ಮ ಕಂಪನಿಯ ಆ ಟೊಳ್ಳು ಪ್ಯಾಕೇಜ್ ಗುರುವಾರವೇ ಹೋಗಿತ್ತು. ಅದರ ಹಿಂದೆ ಬಂದಿದ್ದವರೆಲ್ಲ ಭಾನುವಾರದ ಹೊತ್ತಿಗೆ ಅನಾಥರು. ಕ್ಯಾಲೆಂಡರ್, ಸ್ಕ್ಯಾನರಿನ ಡ್ರೈವರ್, ಒಂದಿಷ್ಟು ಅಕ್ಷರ ವಿನ್ಯಾಸಗಳು ಹೋಗಿದ್ದವು. ಅವುಗಳ ನಡುವೆ ಸ್ಕ್ರೀನ್ ರೀಡರ್, ಮಾತಿನ ದನಿ ಹೊರಡಿಸುವ ಪ್ರೋಗ್ರಾಂ, ಬ್ರೈಲ್ ಪಟ್ಟಿಯ ಪ್ರೋಗ್ರಾಂ. ವಿಭಾಗದ ಮಿಕ್ಕವರಲ್ಲಿ ಒಬ್ಬ ಮಾತ್ರ, ಕ್ಯಾಲೆಂಡರ್ ಎಲ್ಲಿ ಹೋಯಿತು ಎಂದು ಕೇಳಿದ. ನನ್ನ ಪರೀಕ್ಷೆಯ ಮೆಷಿನ್‌ನಲ್ಲಿ ಇದು ಕಾಣದಿರಲು ಕಾರಣ ಸರಳ. ಅದರಲ್ಲಿ ಎಲ್ಲವನ್ನೂ ನಾನೇ ಒಂದೊಂದಾಗಿ ಕೈಯಿಂದ ಹಾಕಿದ್ದೆ. ಅಲ್ಲಿ ಅನಾಥರೇ ಇರಲಿಲ್ಲ.

ಮಧ್ಯಾಹ್ನದೊಳಗೆ ಮೂರನ್ನೂ ವಾಪಸು ಹಾಕಿದೆ. ದನಿ ಬಂತು. ಅವರು ಇಯರ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿ, ತೆಗೆದರು.

“ನದಿಗಳ ಹೆಸರು ಹೋಗಿದೆ,” ಎಂದರು.

ಕಾಂಗರೀ, ವಾಟರೀ, ಸಲೂಡಾ, ಎಡಿಸ್ಟೊ. ಅಲ್ಲಿಯ ಮೂಲ ಜನರಿಂದ ಬಂದ ಈ ಹೆಸರುಗಳನ್ನು ಇಂಗ್ಲಿಷಿನ ಮೆಷಿನ್ ಹೇಗೆ ಹೇಗೋ ಓದುತ್ತಿತ್ತು. ಅದಕ್ಕಾಗಿ ಹಿಂದಿನ ಅಡ್ಮಿನ್ ಜೊತೆ ಕೂತು ಅವರು ಉಚ್ಚಾರಣೆಯ ಒಂದು ಪುಟ್ಟ ಕೋಶವನ್ನೇ ಕಟ್ಟಿ, ದನಿಯ ಪ್ರೋಗ್ರಾಂನ ಒಳಗೇ ಸೇರಿಸಿದ್ದರು. ಪ್ರೋಗ್ರಾಂ ಹೋದಾಗ ಅದೂ ಹೋಗಿತ್ತು. ಬ್ಯಾಕಪ್‌ನಲ್ಲಿ ಇರುತ್ತಿದ್ದದ್ದು ಜನರ ಕಡತಗಳು ಮಾತ್ರ, ಪ್ರೋಗ್ರಾಂಗಳಲ್ಲ.

ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಒತ್ತು ಎಲ್ಲಿ, ಯಾವ ಸ್ವರ ಉದ್ದ ಎಂದು ಅವರು ಮೇಜಿನ ಮೇಲೆ ಬೆರಳು ಕುಟ್ಟಿ ತೋರಿಸುತ್ತಿದ್ದರು. ಮೆಷಿನ್‌ಗೆ ಓದಿಸುವುದು, ತಪ್ಪಿದರೆ ಬದಲಿಸುವುದು, ಮತ್ತೆ ಓದಿಸುವುದು. ವಾಕಮಾ ಎನ್ನುವ ನದಿ ಹಟ ಮಾಡಿತು. ಅದು ಸರಿಯಾಗುವ ಹೊತ್ತಿಗೆ ನಾವಿಬ್ಬರೂ ನಗುತ್ತಿದ್ದೆವು. ನದಿಗಳು ಮುಗಿದ ಮೇಲೆ ಅವರು, “ಈಗ ನಿನ್ನ ಹೆಸರು,” ಎಂದರು.

“ನನ್ನ ಹೆಸರು ಯಾಕೆ?”

“ಅದೂ ಇತ್ತು. ನೀನು ಸೇರಿದ ವಾರವೇ ಹಾಕಿಕೊಂಡಿದ್ದೆ. ಇಲ್ಲದಿದ್ದರೆ ನಿನ್ನ ಪ್ರತಿ ಇಮೇಲ್‌ನಲ್ಲೂ ಅದು ನಿನ್ನನ್ನು ಯಾವುದೋ ಔಷಧಿಯ ಹೆಸರಿಟ್ಟು ಕರೆಯುತ್ತಿತ್ತು. ನಿಮ್ಮಮ್ಮ ಕರೆಯುವ ಹಾಗೆ ಒಂದು ಸಲ ಹೇಳು.”

ಅಷ್ಟು ವರ್ಷ ಆ ದೇಶದಲ್ಲಿದ್ದೆ. ನನ್ನ ಹೆಸರನ್ನು ಸರಿಯಾಗಿ ಹೇಳು ಎಂದು ಯಾರೂ ಕೇಳಿರಲಿಲ್ಲ. ಹೇಳಿದೆ.

ಸಂಜೆ ಮ್ಯಾನೇಜರ್ ಕರೆದರು. ಅವರು ಬೆಂಗಳೂರಿನವರು, ಕನ್ನಡದವರು. ಆದರೆ ಕಚೇರಿಯಲ್ಲಿ ನಮ್ಮಿಬ್ಬರ ನಡುವೆ ಇಂಗ್ಲಿಷೇ. ಮುಂದಿನ ವಾರ ಎಲ್ಲ ಮೆಷಿನ್‌ಗಳಿಗೂ ಇದನ್ನೇ ಮಾಡಿ ಎಂದರು. ನಾನು ನಡೆದದ್ದನ್ನೆಲ್ಲ ಹೇಳಿ, ಈ ವಿಧಾನವನ್ನು ಬದಲಿಸಬೇಕು ಎಂದೆ.

ಅವರು, ತಾನು ಬೆಳಿಗ್ಗೆಯೇ ಅಧಿಕಾರಿಗೆ ಇಮೇಲ್ ಹಾಕಿಬಿಟ್ಟಿದ್ದೇನೆ ಎಂದರು. ನದಿ ವಿಭಾಗದ ಒಂದು ಮೆಷಿನ್‌ನಲ್ಲಿ ಉಳಿದಿದ್ದ ಪ್ಯಾಕೇಜ್‌ಗಳನ್ನೇ ಇಡೀ ಕಚೇರಿಯ ಹೊಸ ಮಾದರಿ ಎಂದು ಕಳಿಸಿದ್ದರು. ಪ್ಯಾಕೇಜ್‌ಗಳು ಮೊದಲಿಗಿಂತ ಎಷ್ಟೋ ಕಡಿಮೆಯಾಗಿದ್ದವು. ಕಡಿಮೆಯಾದಷ್ಟೂ ಭದ್ರತೆಗೆ ಒಳ್ಳೆಯದು. ಅಧಿಕಾರಿ ಖುಷಿಯಾಗಿ ಉತ್ತರಿಸಿದ್ದರು. ಅದಕ್ಕೆ ಅಂತಿಮ ಒಪ್ಪಿಗೆ ಬಿದ್ದ ಮೇಲೆ ಆ ಮಾದರಿಗೆ ಹೊಂದದ ಮೆಷಿನ್ ಯಾವುದೇ ಇರಲಿ, ತಪಾಸಣೆಯಲ್ಲಿ ಸಿಕ್ಕಿಬಿದ್ದು ನೆಟ್‌ವರ್ಕ್‌ನಿಂದ ಹೊರಗೆ ಹೋಗುತ್ತದೆ. ಅಂದರೆ ಮಧ್ಯಾಹ್ನ ನಾನು ವಾಪಸು ಹಾಕಿದ ದನಿಯೇ ಆಗ ಅಪರಾಧ.

“ಆ ವಿಶ್ಲೇಷಕಿಯ ಮೆಷಿನ್‌ಗೆ ವಿನಾಯಿತಿ ಕೇಳೋಣ,” ಎಂದರು ಮ್ಯಾನೇಜರ್. “ಸ್ವಲ್ಪ ಟೈಮ್ ಹಿಡಿಯುತ್ತದೆ. ಅಲ್ಲಿಯವರೆಗೆ ಅವರಿಗೊಂದು ವಿಂಡೋಸ್ ಲ್ಯಾಪ್‌ಟಾಪ್ ಕೊಡಿ. ವರದಿಗಳನ್ನು ತಿದ್ದುವ ಕೆಲಸ ಮಾಡಿಕೊಂಡಿರಲಿ.”

“ಅವರು ಆ ಪ್ರೋಗ್ರಾಂಗಳನ್ನು ಬರೆದವರು. ವರದಿ ತಿದ್ದುವವರಲ್ಲ.”

“ಕೆಲವು ವಾರ ಅಷ್ಟೇ.”

ಮರುದಿನ ಇದನ್ನು ವಿಶ್ಲೇಷಕಿಗೆ ಹೇಳಿದೆ. ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

“ಅಟ್ಲಾಂಟಾದಲ್ಲಿ ಒಂದು ಕಡೆ ಕೆಲಸ ಮಾಡುತ್ತಿದ್ದೆ. ಅಲ್ಲೂ ನನಗೆ ಹೀಗೇ ವಿನಾಯಿತಿ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಯಾರೋ ಅದಕ್ಕೆ ಸಹಿ ಹಾಕಬೇಕು. ಒಂದು ವರ್ಷ ಆ ಯಾರೋ ಕೆಲಸ ಬಿಟ್ಟಿದ್ದರು. ನನ್ನ ಮೆಷಿನ್ ಸತ್ತುಹೋಯಿತು. ಅದು ಸರಿಯಾಗುವವರೆಗೆ ಫೋನ್ ತೆಗೆದುಕೊಳ್ಳುತ್ತಿರು ಎಂದರು. ಆಮೇಲೆ ಫೋನ್ ತೆಗೆದುಕೊಳ್ಳುವುದೇ ನನ್ನ ಕೆಲಸವಾಯಿತು.”

“ಸರ್ಕಾರಿ ಗುತ್ತಿಗೆ ಅಲ್ಲವೇ ಇದು? ಕಾನೂನು ನಿಮ್ಮ ಕಡೆ ಇದೆ.”

“ಇದೆ. ನಾನು ಕೆಲಸ ಕಳೆದುಕೊಂಡ ಮೇಲೆ ಅದು ಬರುತ್ತದೆ.” ಲೋಟ ಕೆಳಗಿಟ್ಟರು. “ನನಗೆ ವಿನಾಯಿತಿ ಬೇಡ. ವಿನಾಯಿತಿ ಅಂದರೆ ಮುಂದಿನ ಸಲ ಯಾರಾದರೂ ಮರೆಯಲಿಕ್ಕಿರುವ ವಿಷಯ. ಎಲ್ಲರಿಗೂ ಇದ್ದದ್ದು ನನಗಿರಲಿ.”

ಅವರ ಕೊನೆಯ ಮಾತು ನನ್ನ ತಲೆಯಲ್ಲಿ ಕೂತಿತು. ಅಲ್ಲಿಯವರೆಗೆ ನಾನೂ ಯೋಚಿಸುತ್ತಿದ್ದದ್ದು ಅವರ ಒಂದು ಮೆಷಿನ್‌ ಬಗ್ಗೆ. ಅದನ್ನು ಹೇಗೆ ಉಳಿಸುವುದು, ಅದಕ್ಕೆ ಯಾವ ಬೇಲಿ ಕಟ್ಟುವುದು ಎಂದು. ನನ್ನ ಮೇಜಿಗೆ ನಡೆದು ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಈಗಿನ ವಿಧಾನವನ್ನು ಇನ್ನೊಂದು ಮೆಷಿನ್‌ಗೂ ನಾನು ಹಾಕುವುದಿಲ್ಲ. ಎಲ್ಲ ಮೆಷಿನ್‌ನಿಂದಲೂ ಆ ಉಪಕರಣ ಹೋಗುತ್ತದೆ, ಎಲ್ಲ ಮೆಷಿನ್‌ನಲ್ಲೂ ಆ ದನಿ ಇರುತ್ತದೆ.

ಕಂಪನಿಯ ಆ ಟೊಳ್ಳು ಪ್ಯಾಕೇಜನ್ನು ಬಿಚ್ಚಿದೆ. ಅದೊಂದು ಸಾದಾ ಪಠ್ಯ. ಉಪಕರಣದ ಹೆಸರನ್ನು ಅಳಿಸಿದೆ. ಸ್ಕ್ರೀನ್ ರೀಡರ್, ದನಿ, ಬ್ರೈಲ್ ಮೂರನ್ನೂ ‘ಇದ್ದರೆ ಒಳ್ಳೆಯದು’ ಎಂಬಲ್ಲಿಂದ ಎತ್ತಿ ‘ಇರಲೇಬೇಕು’ ಎಂಬಲ್ಲಿಗೆ ಹಾಕಿದೆ. ನದಿಗಳ ಉಚ್ಚಾರಣೆಯ ಕೋಶವನ್ನೂ ಪ್ಯಾಕೇಜಿನ ಒಳಗೇ ಇಟ್ಟೆ. ಇನ್ನು ಅದು ಟೊಳ್ಳಲ್ಲ. ಆವೃತ್ತಿಯ ಸಂಖ್ಯೆ ಏರಿಸಿ ಕಟ್ಟಿದೆ. ಈ ಸಲ ಕೈಯಿಂದ ತುಂಬಿದ ಮೆಷಿನ್ ನಂಬಲಿಲ್ಲ. ಒಂದು ಮೆಷಿನ್ನನ್ನು ಪೂರ್ತಿ ಅಳಿಸಿ, ಹೊಸಬರಿಗೆ ಕೊಡುವಂತೆಯೇ ಮೊದಲಿನಿಂದ ಸಿದ್ಧ ಮಾಡಿ, ಅದರ ಮೇಲೆ ಹಾಕಿದೆ.

ಉಪಕರಣ ಹೋಗಲಿಲ್ಲ. ಹೊಸ ಪ್ಯಾಕೇಜ್ ಅದನ್ನು ಕೇಳುತ್ತಿರಲಿಲ್ಲ ನಿಜ. ಆದರೆ ಅಪ್‌ಡೇಟ್ ಬಂದಿದೆ ಎಂದು ತೋರಿಸುವ ಮೂಲೆಯ ಪ್ರೋಗ್ರಾಂ ಅದರ ಕೈ ಹಿಡಿದುಕೊಂಡಿತ್ತು. ಎರಡನ್ನೂ ಕೈಯಿಂದ ತೆಗೆದೆ. ಹೋದವು. ಆಮೇಲೆ ಸಾಮಾನ್ಯ ಬಳಕೆದಾರನಂತೆ ಇನ್ನೇನೋ ಹಾಕಲು ಹೋದರೆ, ಅದರ ಬೆನ್ನ ಹಿಂದೆ ಉಪಕರಣ ಮತ್ತೆ ಬಂದು ಕೂತಿತು. ಹಾಳಾಗಿ ಹೋಗಲಿ ಎಂದು ಎದ್ದು, ಪಾರ್ಕಿಂಗ್ ಲಾಟ್‌ನಲ್ಲಿ ಎರಡು ಸುತ್ತು ಹಾಕಿ ಬಂದೆ. ತಣ್ಣಗಿನ ಗಾಳಿಗೆ ತಲೆ ತಿಳಿಯಾಯಿತು. ಬರೀ ‘ನನಗೆ ಅದು ಬೇಡ’ ಎಂದರೆ ಸಾಲದು, ‘ಅದು ಇರುವಲ್ಲಿ ನಾನಿರುವುದಿಲ್ಲ’ ಎನ್ನಬೇಕು. ಪ್ಯಾಕೇಜ್‌ಗಳ ನಡುವೆ ಅಂಥ ವೈರವನ್ನು ಬರೆದಿಡಲು ಒಂದು ಸಾಲಿನ ಜಾಗವಿದೆ. ಬರೆದೆ. ಮತ್ತೆ ಕಟ್ಟಿ ಹಾಕಿದಾಗ ಉಪಕರಣ ತಾನಾಗಿ ಹೊರಟಿತು. ಮತ್ತೆ ಹಾಕಲು ನೋಡಿದರೆ, ಕಚೇರಿಯ ಪ್ಯಾಕೇಜನ್ನೇ ತೆಗೆಯಬೇಕಾಗುತ್ತದೆ, ಅದಕ್ಕೆ ಅನುಮತಿಯಿಲ್ಲ ಎಂದು ಮೆಷಿನ್ ನಿರಾಕರಿಸಿತು. ಭಾನುವಾರದ ಕಸ ಗುಡಿಸುವ ಕೆಲಸವನ್ನು ಬೇಕೆಂದೇ ಮತ್ತೆ ಮತ್ತೆ ಓಡಿಸಿದೆ. ದನಿ ಅಲುಗಲಿಲ್ಲ.

ಮ್ಯಾನೇಜರ್ ನನ್ನನ್ನು ಹಿಡಿದದ್ದು ಕಾರಿಡಾರಿನಲ್ಲಿ. ಆವತ್ತು ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಅದೂ ಏಕವಚನದಲ್ಲಿ.

“ನೋಡಮ್ಮ, ನಮ್ಮವಳು ಅಂತ ಹೇಳ್ತಿದೀನಿ. ಆ ಲಿಸ್ಟ್ ಆಲ್ರೆಡಿ ಅಪ್ರೂವ್ ಆಗ್ತಾ ಇದೆ. ಈಗ ಹೋಗಿ ಚೇಂಜ್ ಮಾಡಿ ಅಂದ್ರೆ ಕ್ಲೈಂಟ್ ಮುಂದೆ ನನ್ನ ಮರ್ಯಾದೆ ಏನಾಗುತ್ತೆ? ಕಾಂಟ್ರಾಕ್ಟ್ ರಿನ್ಯೂವಲ್ ಬೇರೆ ಇದೆ.”

“ಲಿಸ್ಟ್ ತಪ್ಪಾಗಿದೆ. ಗುಡಿಸಿದ ಮೇಲೆ ಉಳಿದದ್ದನ್ನ ನೀವು ಲಿಸ್ಟ್ ಅಂತ ಕಳಿಸಿದೀರಿ.”

“ಒಬ್ಬರಿಗೋಸ್ಕರ ಎಲ್ಲಾರ ಮೆಷಿನ್‌ಗೂ ಅದನ್ನ ಹಾಕ್ತೀಯಾ?”

“ಹಾಕ್ತಿಲ್ಲ. ಮೊದಲಿಂದಲೂ ಇತ್ತು. ಇಡ್ತಿದೀನಿ.”

ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. “ನಿನ್ನ ಗ್ರೀನ್ ಕಾರ್ಡ್ ಪೇಪರ್ಸ್ ನನ್ನ ಟೇಬಲ್ ಮೇಲಿದೆ ಅಲ್ವಾ? ನಾನು ಸೈನ್ ಮಾಡಿ ಮುಂದಕ್ಕೆ ಕಳಿಸ್ಬೇಕು. ಸ್ವಲ್ಪ ನೋಡ್ಕೊಂಡು ಹೋಗಮ್ಮ.”

ಕಚೇರಿಯಲ್ಲಿ ಕನ್ನಡ ಕೇಳಬೇಕು ಎಂದು ಎಷ್ಟೋ ದಿನ ಆಸೆಪಟ್ಟಿದ್ದೆ. ಕೇಳಿದ್ದು ಹೀಗೆ. “ನೋಡ್ಕೊಂಡೇ ಹೋಗ್ತಿದೀನಿ,” ಎಂದು ಹೇಳಿ ಹೊರಟೆ.

ನನ್ನ ಗಂಡ ಆಗ ಪಕ್ಕದ ರಾಜ್ಯದ ಕೊಲಂಬಿಯಾಕ್ಕೆ ದಿನಾ ಡ್ರೈವ್ ಮಾಡುತ್ತಿದ್ದ. ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಹಿಂಡಿ ಹಿಪ್ಪೆಯಾಗಿ ಬಂದವನಿಗೆ ಸಾರು ಬಿಸಿ ಮಾಡುತ್ತ ಎಲ್ಲ ಹೇಳಿದೆ.

“ಪೇಪರ್ಸ್ ಅವರ ಕೈಲಿದೆ ಕಣೇ,” ಎಂದ. “ಇಷ್ಟು ವರ್ಷ ಕಾದಿದೀವಿ. ಇನ್ನೊಂಚೂರು ಯೋಚನೆ ಮಾಡು.”

“ಮಾಡಾಯ್ತು.”

“ಮತ್ತೆ ನನ್ನನ್ನ ಯಾಕೆ ಕೇಳ್ತಿದೀಯ?”

“ಕೇಳ್ತಿಲ್ಲ. ಹೇಳ್ತಿದೀನಿ.”

ಅವನು ನಗಲಿಲ್ಲ. ತಟ್ಟೆಗಳನ್ನು ತೆಗೆದು ಮೇಜಿನ ಮೇಲಿಟ್ಟ. ಊಟದ ಮಧ್ಯೆ, “ಆಯಮ್ಮನ ಹತ್ರ ನಿನ್ನ ಹೆಸರು ಸರಿಯಾಗಿ ಹೇಳುತ್ತಾ ಈಗ ಮೆಷಿನ್ನು?” ಎಂದ. ಹೇಳುತ್ತದೆ ಎಂದೆ. “ಒಳ್ಳೇದಾಯ್ತು ಬಿಡು,” ಎಂದ. ಅವನ ಒಪ್ಪಿಗೆ ಅಷ್ಟೇ, ನನಗದು ಸಾಕಾಯಿತು.

ಹೊಸ ಮಾದರಿಗೆ ಸಹಿ ಬೀಳುವ ಮುಂಚೆ ಅಧಿಕಾರಿಯ ಜೊತೆ ಒಂದು ಮೀಟಿಂಗ್ ಇತ್ತು, ವಾಷಿಂಗ್ಟನ್‌ನಲ್ಲಿ, ಇಲಾಖೆಯ ಕಟ್ಟಡದಲ್ಲಿ. ಆರೆಂಜ್ ಲೈನ್ ಮೆಟ್ರೊ ರೈಲಿನಲ್ಲಿ ಮ್ಯಾನೇಜರ್ ಮತ್ತು ನಾನು ಎದುರು ಬದುರು ಕೂತು ಹೋದೆವು. ಇಳಿಯುವ ಮುಂಚೆ ಅವರು, “ಮಾತು ನಾನು ಆಡ್ತೀನಿ. ನಿನ್ನನ್ನ ಕೇಳಿದ್ರೆ ಮಾತ್ರ ಹೇಳು,” ಎಂದರು.

ಅಧಿಕಾರಿ ವಯಸ್ಸಾದವರು, ಮಾತು ಕಡಿಮೆ. ಹೊಸ ಮಾದರಿಯ ಹಾಳೆ ಅವರ ಮುಂದಿತ್ತು. “ಪ್ರಯೋಗದಲ್ಲಿ ಏನಾದರೂ ತೊಂದರೆ?” ಎಂದು ಕೇಳಿದರು. ಇಬ್ಬರನ್ನೂ ನೋಡಿ ಕೇಳಿದರು.

“ಹೇಳಿಕೊಳ್ಳುವಂಥದ್ದೇನಿಲ್ಲ,” ಎಂದರು ಮ್ಯಾನೇಜರ್.

“ಇದೆ,” ಎಂದೆ ನಾನು.

ಮ್ಯಾನೇಜರ್ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಪೆನ್ನು ಮಾತ್ರ ನಿಂತಿತು. ನಾನು ಗುರುವಾರದಿಂದ ಶುರು ಮಾಡಿ ಸೋಮವಾರದವರೆಗೆ ಹೇಳಿದೆ. ಈ ಮಾದರಿಯನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಕಸ ಗುಡಿಸಿದಾಗ ಉಳಿದದ್ದು, ಇದನ್ನು ಜಾರಿ ಮಾಡಿದರೆ ನಿಮ್ಮ ನದಿಗಳ ಲೆಕ್ಕದ ಪ್ರೋಗ್ರಾಂ ಬರೆದವರಿಗೇ ಕೆಲಸ ಮಾಡಲಾಗುವುದಿಲ್ಲ ಎಂದೆ.

“ಅವರಿಗೊಂದು ವಿನಾಯಿತಿ ಕೊಡಬಹುದು,” ಎಂದರು ಅಧಿಕಾರಿ.

“ಅವರಿಗೆ ಬೇಡ. ನನಗೂ ಬೇಡ. ಅವರು ಪಕ್ಕದವರ ಮೆಷಿನ್‌ನಲ್ಲಿ ಒಂದು ತಪ್ಪು ಹುಡುಕಬೇಕು ಅಂದರೆ? ಮೀಟಿಂಗ್ ರೂಮಿನ ಮೆಷಿನ್ ಮುಂದೆ ಕೂರಬೇಕು ಅಂದರೆ? ನಾಳೆ ಅವರಂಥವರು ಇನ್ನೊಬ್ಬರು ಸೇರಿದರೆ, ಮೊದಲ ದಿನವೇ ನಾವು ಅವರಿಗೆ ಕಾಯಿರಿ ಅನ್ನುವುದಾ?”

ಅವರು ಹಾಳೆಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದರು. ಮುಗಿಯಿತು ಎಂದುಕೊಂಡೆ.

“ನನಗೆ ಬೇಕಾದದ್ದು ಒಂದೇ,” ಎಂದರು ಕೊನೆಗೆ. “ಆ ಉಪಕರಣ ಹೋಗಬೇಕು. ಹೋದದ್ದು ಮತ್ತೆ ಬರಬಾರದು. ಈಗಿನ ಮಾದರಿಯಲ್ಲಿ ಅದು ಮತ್ತೆ ಬರಬಹುದೇ?”

“ಬರುತ್ತದೆ,” ಎಂದೆ. “ಯಾರು ಬೇಕಾದರೂ ಮತ್ತೆ ಹಾಕಿಕೊಳ್ಳಬಹುದು. ನನ್ನದರಲ್ಲಿ ಆಗುವುದಿಲ್ಲ.” ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದೆ. “ನೀವೇ ಹಾಕಿ ನೋಡಿ.”

ಅವರು ಕನ್ನಡಕ ಏರಿಸಿ, ಎರಡು ಬೆರಳಲ್ಲಿ ನಿಧಾನವಾಗಿ ಕಮಾಂಡ್ ಟೈಪ್ ಮಾಡಿದರು. ಮೆಷಿನ್ ನಿರಾಕರಿಸಿತು. ಇನ್ನೊಂದು ಬಗೆಯಲ್ಲಿ ಪ್ರಯತ್ನಿಸಿದರು. ನಿರಾಕರಿಸಿತು. ಮೂರನೆಯದು ನನಗೆ ತಿಳಿಯದ ದಾರಿ. ಅದಕ್ಕೂ ಮೆಷಿನ್ ಒಪ್ಪಲಿಲ್ಲ.

“ಆ ಓದುವ ಪ್ರೋಗ್ರಾಂ ಹೊರಗಿನದಾ?”

“ಅಲ್ಲ. ಲಿನಕ್ಸ್ ಜೊತೆಗೇ ಬರುವುದು. ನೀವು ವರ್ಷಗಳ ಹಿಂದೆಯೇ ಒಪ್ಪಿಗೆ ಕೊಟ್ಟದ್ದು.”

“ಹಾಗಾದರೆ ಹೊಸದೇನೂ ಇಲ್ಲ,” ಎಂದು ಮುಂದಿದ್ದ ಹಾಳೆಗೆ ಅಡ್ಡ ಗೆರೆ ಎಳೆದರು. “ಸರಿಯಾದದ್ದನ್ನು ಕಳಿಸು.”

ವಾಪಸು ಬರುವಾಗ ಮ್ಯಾನೇಜರ್ ಬೇರೆ ಬೋಗಿಯಲ್ಲಿ ಕೂತರು.

ಮುಂದಿನ ವಾರ ಎಲ್ಲ ಮೆಷಿನ್‌ಗಳಿಗೂ ಹೊಸ ಪ್ಯಾಕೇಜ್ ಹೋಯಿತು. ಉಪಕರಣ ಹೋಯಿತು. ಭಾನುವಾರ ಕಳೆದು ಸೋಮವಾರ ನಾನು ಬೇಗ ಹೋಗಿ ನದಿ ವಿಭಾಗದಲ್ಲಿ ನಿಂತಿದ್ದೆ. ವಿಶ್ಲೇಷಕಿ ಬಂದು ಕೂತರು, ಇಯರ್‌ಫೋನ್ ಹಾಕಿಕೊಂಡರು, ಬೆರಳು ಪಟ್ಟಿಯ ಮೇಲೆ ಓಡಿತು. ನಾನಿದ್ದೇನೆಂದು ಅವರಿಗೆ ಗೊತ್ತಿತ್ತು. “ಹೋಗು, ನಿನ್ನ ಕೆಲಸ ನೋಡು,” ಎಂದರು.

ಆ ವರ್ಷದ ಕೊನೆಗೆ ನನ್ನ ಕೆಲಸದ ಬಗ್ಗೆ ಮ್ಯಾನೇಜರ್ ಬರೆದದ್ದು, ಹೇಳಿದ ಮಾತು ಕೇಳುವುದಿಲ್ಲ ಎಂದು. ಓದಿ, ಕೆಳಗೆ ಸಹಿ ಹಾಕಿ ಕೊಟ್ಟೆ. ಒಂದು ಪದವನ್ನೂ ತಿದ್ದಿ ಎಂದು ಕೇಳಲಿಲ್ಲ. ನನ್ನ ಗ್ರೀನ್ ಕಾರ್ಡ್ ಪೇಪರ್ಸ್ ಅವರ ಮೇಜಿನ ಮೇಲೇ ಬೆಚ್ಚಗೆ ಕೂತಿದ್ದವು. ಕೇಳಿದಾಗಲೆಲ್ಲ ನೋಡೋಣ ಎನ್ನುತ್ತಿದ್ದರು. ಕೊನೆಗೆ ನಾನೇ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡೆ. ಅಲ್ಲಿ ಅರ್ಜಿ ಮೊದಲಿನಿಂದ ಶುರುವಾಯಿತು. ನನ್ನ ಗಂಡ ಒಂದು ದಿನವೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ.

ಆ ಕಚೇರಿಯಲ್ಲಿ ನನ್ನ ಕೊನೆಯ ವಾರ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದಿದ್ದರು. ಇದ್ದಕ್ಕಿದ್ದಂತೆ ಮ್ಯಾನೇಜರ್ ಕೋಣೆಯಿಂದ ಒಂದು ದನಿ ಏರಿತು. ಯಾವ ಕೀಲಿಗಳ ಮೇಲೆ ಕೈಯಿಟ್ಟಿದ್ದರೋ, ಸ್ಕ್ರೀನ್ ರೀಡರ್ ಎದ್ದು ಅವರ ಇಮೇಲ್‌ಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿತ್ತು. ಯಾರು ಕಳಿಸಿದ್ದು, ಯಾವ ವಿಷಯ, ಯಾವುದನ್ನು ಇನ್ನೂ ಓದಿಲ್ಲ, ಎಲ್ಲವನ್ನೂ. ಅವರು ಸಿಕ್ಕಸಿಕ್ಕ ಕೀಲಿ ಒತ್ತಿದಷ್ಟೂ ಅದು ಒತ್ತಿದ ಕೀಲಿಯ ಹೆಸರನ್ನೂ ಹೇಳುತ್ತಿತ್ತು. ನದಿ ವಿಭಾಗದ ಕಡೆಯಿಂದ ವಿಶ್ಲೇಷಕಿ ತಲೆಯೆತ್ತಿ, “ಯಾರದು, ಅಷ್ಟು ನಿಧಾನವಾಗಿ ಕೇಳುತ್ತಿರುವುದು?” ಎಂದರು. ಹಾಲ್ ಪೂರ್ತಿ ನಕ್ಕಿತು.

ನಾನು ಎದ್ದು ಹೋದೆ. ಮ್ಯಾನೇಜರ್ ಎರಡೂ ಕೈಯನ್ನು ಕೀಬೋರ್ಡ್‌ನಿಂದ ಮೇಲೆತ್ತಿ ಕೂತಿದ್ದರು. ಎಲ್ಲರೆದುರಿಗೆ ಕನ್ನಡದಲ್ಲೇ ಕೂಗಿದರು.

“ಇದೇನಮ್ಮ ಇದು? ತೆಗಿ ಇದನ್ನ ಮೊದಲು!”

ಬಗ್ಗಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ದನಿ ನಿಂತಿತು.

“ಆಫ್ ಮಾಡ್ಬಹುದು,” ಎಂದೆ. “ತೆಗೆಯೋಕೆ ಆಗಲ್ಲ.”